ಸ್ಥಳೀಯ ಸಂಸ್ಥೆಗಳ ಜಾಲತಾಣ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ನಗರಸಭೆ, ಪುರಸಭೆ, ಪಂಚಾಯಿತಿಗಳಂತಹ ಸ್ಥಳೀಯ ಸಂಸ್ಥೆಗಳ ಜಾಲತಾಣಗಳನ್ನು ಮಾಹಿತಿಗಾಗಿ, ಅರ್ಜಿಗಾಗಿ, ತೆರಿಗೆ ಪಾವತಿಗಾಗಿ ಬಳಸುವಾಗ ಎದುರಾಗುವ ತೊಡಕುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಮ್ಮ ನಗರಸಭೆಯ ಜಾಲತಾಣವನ್ನು ತೆರೆದಾಗಲೆಲ್ಲ ಬೇಕಾದ ವಿಷಯ ಎಲ್ಲಿದೆಯೆಂದು ತಿಳಿಯದೆ ಒದ್ದಾಡುತ್ತೇನೆ. ಮುಖಪುಟದಲ್ಲಿ ಪದಾಧಿಕಾರಿಗಳ ಭಾವಚಿತ್ರ, ಓಡುವ ಸುದ್ದಿಸಾಲು, ವಿಭಾಗಗಳ ಪಟ್ಟಿ ಎಲ್ಲವೂ ಇವೆ. ಜನನ ಪ್ರಮಾಣಪತ್ರದಲ್ಲಿ ಹೆಸರು ತಿದ್ದಿಸುವುದು ಹೇಗೆಂಬುದು ಮಾತ್ರ ಕಾಣುವುದಿಲ್ಲ. ನನಗೆ ಕಂಪ್ಯೂಟರ್ ಬಳಸಲು ಬರುವುದಿಲ್ಲವೆಂದು ಮನೆಯವರು ಹೇಳುತ್ತಾರೆ. ತಪ್ಪು ನನ್ನದೇ?

ಉತ್ತರ: ತಪ್ಪು ನಿಮ್ಮದಲ್ಲ. ಜಾಲತಾಣಕ್ಕೆ ಬರುವವರು ಯಾವುದೋ ಒಂದು ಕೆಲಸ ಇಟ್ಟುಕೊಂಡು ಬರುತ್ತಾರೆ: ಹೆಸರು ತಿದ್ದಿಸಬೇಕು, ತೆರಿಗೆ ಕಟ್ಟಬೇಕು, ಮನೆ ಕಟ್ಟಲು ಪರವಾನಗಿ ಪಡೆಯಬೇಕು, ನಲ್ಲಿಯಲ್ಲಿ ನೀರು ಬರದಿರುವುದನ್ನು ತಿಳಿಸಬೇಕು. ಜಾಲತಾಣವನ್ನು ಕಟ್ಟಿದವರ ಎದುರಿಗೆ ಇದ್ದದ್ದು ಕಚೇರಿಯ ಒಳರಚನೆ: ಆರೋಗ್ಯ ವಿಭಾಗ, ಕಂದಾಯ ವಿಭಾಗ, ತಾಂತ್ರಿಕ ವಿಭಾಗ, ಆಡಳಿತ ವಿಭಾಗ. ಜನನ ನೋಂದಣಿಯು ಆರೋಗ್ಯ ವಿಭಾಗದ ಅಡಿಯಲ್ಲಿ ಇರಬಹುದೆಂಬುದು ಅಲ್ಲಿ ಕೆಲಸ ಮಾಡುವವರಿಗೆ ಗೊತ್ತು. ಮಗುವಿನ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿದೆಯೆಂದು ಬಂದ ತಂದೆತಾಯಿಗೆ ಅದು ಗೊತ್ತಿರಬೇಕಾದ ಕಾರಣವೇ ಇಲ್ಲ. ಈ ಅಂಕಣಕ್ಕೆ ಬಂದಿರುವ ದೂರುಗಳಲ್ಲಿ ಮುಕ್ಕಾಲು ಪಾಲು, ಜನರ ಕೆಲಸಕ್ಕೂ ಕಚೇರಿಯ ವಿಭಾಗಕ್ಕೂ ನಡುವೆ ಇರುವ ಈ ಅಂತರದಿಂದಲೇ ಹುಟ್ಟಿದವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಅಂತರವನ್ನು ಗಂಭೀರವಾಗಿ ಪರಿಗಣಿಸಿದ ಸರ್ಕಾರಗಳಿವೆ. ಬ್ರಿಟನ್ನಿನಲ್ಲಿ 2011ರಲ್ಲಿ ಸರ್ಕಾರದ ಡಿಜಿಟಲ್ ಸೇವೆಗಳಿಗಾಗಿಯೇ ಒಂದು ಘಟಕ ಸ್ಥಾಪನೆಯಾಯಿತು. 2012ರ ಅಕ್ಟೋಬರ್‌ನಲ್ಲಿ ಅದು ಹಿಂದಿನ ಪ್ರಮುಖ ಸರ್ಕಾರಿ ಜಾಲತಾಣಗಳ ಜಾಗದಲ್ಲಿ ಒಂದೇ ತಾಣವನ್ನು ತೆರೆಯಿತು. ಆ ಘಟಕವು ಪ್ರಕಟಿಸಿದ ವಿನ್ಯಾಸ ಸೂತ್ರಗಳಲ್ಲಿ ಮೊದಲನೆಯದು, ಬಳಸುವವರ ಅಗತ್ಯದಿಂದಲೇ ಕೆಲಸ ಆರಂಭವಾಗಬೇಕು ಎಂಬುದು. ಅಲ್ಲಿ ಕಸ ವಿಲೇವಾರಿಯಂತಹ ಸ್ಥಳೀಯ ಸೇವೆಯನ್ನು ಹುಡುಕಿದರೆ ಮನೆಯ ಅಂಚೆ ಸಂಕೇತವನ್ನು ಕೇಳಿ, ಅದಕ್ಕೆ ಸಂಬಂಧಿಸಿದ ಸ್ಥಳೀಯ ಸಂಸ್ಥೆಯ ಪುಟಕ್ಕೆ ಕಳುಹಿಸಲಾಗುತ್ತದೆ. ತಮ್ಮ ಬೀದಿ ಯಾವ ಸಂಸ್ಥೆಯ ವ್ಯಾಪ್ತಿಗೆ ಸೇರುತ್ತದೆ ಎಂಬುದನ್ನು ಜನರೇ ತಿಳಿದುಕೊಂಡು ಬರಬೇಕೆಂಬ ನಿರೀಕ್ಷೆ ಅಲ್ಲಿಲ್ಲ.

ನಿಮ್ಮ ಜಾಲತಾಣ ಹಾಗೆ ಬದಲಾಗುವವರೆಗೆ ಕೆಲಸ ನಿಲ್ಲಬಾರದಲ್ಲವೇ? ಆದ್ದರಿಂದ ಮುಖಪುಟದಿಂದ ಒಳಗೆ ಹೋಗುವ ಹಟವನ್ನು ಬಿಡಿ. ಹೊರಗಿನ ಶೋಧ ಯಂತ್ರವು ಅನೇಕ ವೇಳೆ ಸಂಸ್ಥೆಯ ಸ್ವಂತ ಹುಡುಕು ಪೆಟ್ಟಿಗೆಗಿಂತ ಚೆನ್ನಾಗಿ ಹುಡುಕಿಕೊಡುತ್ತದೆ. ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ಸಂಸ್ಥೆಯ ಜಾಲವಿಳಾಸವನ್ನು ಸೇರಿಸಿ, ಅದರ ಮುಂದೆ ಒಂದು ಜಾಗ ಬಿಟ್ಟು ನಿಮಗೆ ಬೇಕಾದ ವಿಷಯವನ್ನು ಬರೆದರೆ, ಫಲಿತಾಂಶಗಳು ಆ ಒಂದೇ ತಾಣದವು ಬರುತ್ತವೆ. ಇದನ್ನು ಬಲ್ಲವರು ಕಡಿಮೆ. ಒಮ್ಮೆ ಕಲಿತವರು ಬಿಡುವುದಿಲ್ಲ. ಹುಡುಕುವಾಗ ಆಡುಮಾತಿನ ಪದದಿಂದ ಫಲ ಸಿಗದಿದ್ದರೆ ಕಚೇರಿಯ ಪದವನ್ನು ಬಳಸಿ ನೋಡಿ. ‘ಮನೆ ಕಂದಾಯ’ ಸಿಗದಿದ್ದರೆ ‘ಆಸ್ತಿ ತೆರಿಗೆ’, ‘ಹೆಸರು ಬದಲಾವಣೆ’ ಸಿಗದಿದ್ದರೆ ‘ತಿದ್ದುಪಡಿ’, ‘ಮನೆ ಕಟ್ಟಲು ಅನುಮತಿ’ ಸಿಗದಿದ್ದರೆ ‘ಕಟ್ಟಡ ಪರವಾನಗಿ’. ಕಚೇರಿಯಿಂದ ನಿಮಗೆ ಹಿಂದೆ ಬಂದಿರುವ ಯಾವುದಾದರೂ ನೋಟಿಸು ಅಥವಾ ರಸೀದಿ ಇದ್ದರೆ ಅದರ ತಲೆಬರಹದಲ್ಲಿರುವ ಪದಗಳನ್ನೇ ನಕಲು ಮಾಡಿ ಹುಡುಕುವುದು ಇನ್ನೂ ಒಳ್ಳೆಯದು. ಪುಟದ ಬುಡದಲ್ಲಿ, ಸಣ್ಣ ಅಕ್ಷರಗಳಲ್ಲಿ, ‘ತಾಣ ನಕ್ಷೆ’ ಎಂಬ ಲಿಂಕ್ ಇದ್ದರೆ ಅದನ್ನೂ ನೋಡಿ. ಮುಖಪುಟದಲ್ಲಿ ಜಾಗ ಸಿಗದ ಎಷ್ಟೋ ಉಪಯುಕ್ತ ಪುಟಗಳು ಅಲ್ಲಿ ಸಾಲಾಗಿ ಕಾಣಸಿಗುತ್ತವೆ.

ಪ್ರಶ್ನೆ: ತೆರಿಗೆ ಕಟ್ಟಲೆಂದು ಹುಡುಕಿದಾಗ ಒಂದೇ ಬಗೆಯ ಹೆಸರಿನ ಹಲವು ತಾಣಗಳು ಬಂದವು. ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇದ್ದರೆ ಅದು ಅಸಲಿ ಎಂದು ನಂಬಬಹುದೇ?

ಉತ್ತರ: ನಂಬಬಾರದು. ನಿಮ್ಮ ಸಾಧನಕ್ಕೂ ಆ ತಾಣಕ್ಕೂ ನಡುವೆ ಹರಿಯುವ ಮಾಹಿತಿಯನ್ನು ಮಧ್ಯದಲ್ಲಿ ಯಾರೂ ಓದಲಾರರು ಎಂಬುದನ್ನಷ್ಟೇ ಬೀಗದ ಗುರುತು ಹೇಳುತ್ತದೆ. ಆ ತುದಿಯಲ್ಲಿ ಕುಳಿತಿರುವವರು ಪ್ರಾಮಾಣಿಕರೋ ವಂಚಕರೋ ಎಂಬುದನ್ನು ಹೇಳುವುದಿಲ್ಲ. ಇದಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರಗಳು 2015ರಿಂದ ಉಚಿತವಾಗಿ, ಯಾರಿಗೆ ಬೇಕಾದರೂ, ಕೆಲವೇ ನಿಮಿಷಗಳಲ್ಲಿ ಸಿಗುತ್ತಿವೆ. ಸುರಕ್ಷತೆಯ ದೃಷ್ಟಿಯಿಂದ ಅದು ಒಳ್ಳೆಯ ಬೆಳವಣಿಗೆಯೇ, ಆದರೆ ಅದರ ಪ್ರಯೋಜನ ನಕಲಿ ತಾಣದವರಿಗೂ ಸಿಕ್ಕಿದೆ. ಬೀಗವನ್ನು ಕಂಡು ಜನರು ತಪ್ಪು ತಿಳಿಯುತ್ತಾರೆಂಬ ಕಾರಣದಿಂದಲೇ ಗೂಗಲ್ ಕ್ರೋಮ್ ಬ್ರೌಸರ್ 2023ರಲ್ಲಿ ಆ ಗುರುತನ್ನು ಬದಲಿಸಿ ಬೇರೊಂದು ಚಿಹ್ನೆಯನ್ನು ಇಟ್ಟಿತು.

ಅಸಲಿಯನ್ನು ಗುರುತಿಸಲು ವಿಳಾಸವನ್ನೇ ಓದಬೇಕು, ಅದನ್ನೂ ಬಲದಿಂದ ಎಡಕ್ಕೆ ಓದಬೇಕು. ಆರಂಭದ ‘ಎಚ್‌ಟಿಟಿಪಿಎಸ್’ ಮತ್ತು ಅದರ ಜೋಡಿ ಓರೆಗೆರೆಗಳನ್ನು ಬಿಟ್ಟರೆ, ವಿಳಾಸದಲ್ಲಿ ಮೊದಲ ಓರೆಗೆರೆ ಬರುವ ಮುನ್ನ ಇರುವ ಕೊನೆಯ ಭಾಗವೇ ಮುಖ್ಯ. ಅನೇಕ ದೇಶಗಳಲ್ಲಿ ‘ಜಿಒವಿ’ ಎಂಬ ಅಕ್ಷರಗಳಿಂದ, ಅಥವಾ ಅವುಗಳ ಜೊತೆಗೆ ದೇಶದ ಸಂಕೇತದಿಂದ ಕೊನೆಗೊಳ್ಳುವ ವಿಳಾಸವನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡಲಾಗುತ್ತದೆ. ಆ ಅಕ್ಷರಗಳು ವಿಳಾಸದ ನಡುವೆಯೋ ಮೊದಲಿನಲ್ಲೋ ಅಡ್ಡಗೆರೆಯೊಂದಿಗೆ ಬಂದಿದ್ದರೆ ಅದಕ್ಕೆ ಯಾವ ಬೆಲೆಯೂ ಇಲ್ಲ. ಆದರೂ ಒಂದು ತೊಡಕು ಉಳಿಯುತ್ತದೆ: ಎಷ್ಟೋ ಸಣ್ಣ ಸಂಸ್ಥೆಗಳು ಇಂದಿಗೂ ಸಾಮಾನ್ಯ ವಾಣಿಜ್ಯ ವಿಳಾಸಗಳಲ್ಲೇ ತಾಣ ನಡೆಸುತ್ತವೆ. ಅಮೆರಿಕದಲ್ಲಿ 2021ರಲ್ಲಿ ಅರ್ಹ ಸಂಸ್ಥೆಗಳಿಗೆ ಸರ್ಕಾರಿ ವಿಳಾಸವನ್ನು ಉಚಿತಗೊಳಿಸಲಾಯಿತು. ಊರಿನ ಸಣ್ಣ ಆಡಳಿತವೂ ಅದನ್ನು ಪಡೆಯಲಿ ಎಂಬುದು ಅದರ ಆಶಯ. ನಿಮ್ಮ ಸಂಸ್ಥೆಗೆ ಅಂತಹ ವಿಳಾಸ ಇಲ್ಲದಿದ್ದರೆ ಕಚೇರಿಯ ಮುದ್ರಿತ ತೆರಿಗೆ ನೋಟಿಸಿನಲ್ಲಿರುವ ವಿಳಾಸವನ್ನು ಕೈಯಿಂದಲೇ ಬರೆದು ತೆರೆಯಿರಿ, ಆಮೇಲೆ ಅದನ್ನು ಉಳಿಸಿಟ್ಟುಕೊಳ್ಳಿ. ಶೋಧ ಫಲಿತಾಂಶದಲ್ಲಿ ‘ಪ್ರಾಯೋಜಿತ’ ಎಂದಿರುವ ಮೊದಲ ಸಾಲುಗಳು ಜಾಹೀರಾತುಗಳು. ಹಣ ಪಾವತಿಯ ಕೆಲಸಕ್ಕೆ ಅವುಗಳನ್ನು ಎಂದೂ ಒತ್ತಬೇಡಿ. ಫೋನ್ ಮಾಡಿ ಒಟಿಪಿ ಕೇಳುವವರು ಯಾವ ಕಚೇರಿಯ ಹೆಸರು ಹೇಳಿದರೂ ಕೊಡಬೇಡಿ.

ಪ್ರಶ್ನೆ: ಅರ್ಜಿಯೊಂದಿಗೆ ಸಲ್ಲಿಸಬೇಕಾದ ದಾಖಲೆಗಳ ಪಟ್ಟಿ ಒಂದು ಪುಟದಲ್ಲಿ ಒಂದು ರೀತಿ, ಅದೇ ತಾಣದ ಪಿಡಿಎಫ್ ಸುತ್ತೋಲೆಯಲ್ಲಿ ಇನ್ನೊಂದು ರೀತಿ ಇದೆ. ಯಾವುದನ್ನು ಅನುಸರಿಸಬೇಕು?

ಉತ್ತರ: ದಿನಾಂಕವನ್ನೂ ಆದೇಶ ಸಂಖ್ಯೆಯನ್ನೂ ಹೊತ್ತಿರುವುದನ್ನು. ಪುಟದ ಬುಡದಲ್ಲಿ ಕಾಣುವ ‘ಕೊನೆಯ ಪರಿಷ್ಕರಣೆ’ ಎಂಬ ದಿನಾಂಕವನ್ನು ಮಾತ್ರ ನೆಚ್ಚಬೇಡಿ. ಕೆಲವು ತಾಣಗಳಲ್ಲಿ ಅದು ಇಡೀ ತಾಣಕ್ಕೆ ಸಂಬಂಧಿಸಿದ್ದು. ಎಲ್ಲೋ ಒಂದು ಟೆಂಡರ್ ಪ್ರಕಟಣೆ ಏರಿಸಿದ ದಿನವೇ ಎಲ್ಲ ಪುಟಗಳ ದಿನಾಂಕವೂ ಹೊಸದಾಗಿಬಿಡುತ್ತದೆ. ಸುತ್ತೋಲೆಗೆ ಸಹಿ, ಸಂಖ್ಯೆ, ಹೊರಡಿಸಿದ ದಿನ ಇರುತ್ತವೆ, ಆದ್ದರಿಂದ ಅದು ದಾಖಲೆ. ಪುಟದಲ್ಲಿರುವುದು ಅದರ ಸಾರಾಂಶ, ಮತ್ತು ಸಾರಾಂಶ ಬರೆದವರು ಮುಂದಿನ ತಿದ್ದುಪಡಿಯನ್ನು ನೋಡಿರಲಿಕ್ಕಿಲ್ಲ. ಎರಡು ಸುತ್ತೋಲೆಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ನಂತರದ್ದನ್ನು ಮೊದಲು ಓದಿ; ಅದು ಹಿಂದಿನದನ್ನು ರದ್ದುಪಡಿಸಿದೆಯೋ, ಭಾಗಶಃ ತಿದ್ದಿದೆಯೋ ಎಂಬುದು ಸಾಮಾನ್ಯವಾಗಿ ಅದರ ಆರಂಭದ ‘ಉಲ್ಲೇಖ’ ಭಾಗದಲ್ಲೋ ಕೊನೆಯ ಆದೇಶ ಭಾಗದಲ್ಲೋ ಇರುತ್ತದೆ.

ಅನುಮಾನ ತೀರದಿದ್ದರೆ ಜಾಲತಾಣದಲ್ಲಿರುವ ಇಮೇಲ್ ವಿಳಾಸಕ್ಕೆ ಎರಡೂ ಪುಟಗಳ ವಿಳಾಸಗಳನ್ನು ಹಾಕಿ, ಇವೆರಡರಲ್ಲಿ ಯಾವುದು ಈಗ ಜಾರಿಯಲ್ಲಿದೆ ಎಂದು ಒಂದೇ ಪ್ರಶ್ನೆ ಕೇಳಿ. ಲಿಖಿತ ಪ್ರಶ್ನೆಗೆ ಲಿಖಿತ ಉತ್ತರ ಬಂದರೆ ಅರ್ಜಿಯ ಜೊತೆಗೆ ಅದನ್ನೂ ಲಗತ್ತಿಸಬಹುದು. ಪುಟವನ್ನು ನೋಡಿದ ದಿನವೇ ಅದನ್ನು ಪಿಡಿಎಫ್ ರೂಪದಲ್ಲಿ ಉಳಿಸಿಟ್ಟುಕೊಳ್ಳುವುದೂ ಒಳ್ಳೆಯದು, ಏಕೆಂದರೆ ಪುಟ ಯಾವಾಗ ಬದಲಾಗುತ್ತದೆಂದು ಹೇಳಲಾಗದು. ಹಾಗೆ ಉಳಿಸದೆ ಹಳೆಯದು ಮಾಯವಾಗಿದ್ದರೆ, ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 2001ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿರುವ ‘ವೇಬ್ಯಾಕ್ ಮಷೀನ್’ನಲ್ಲಿ ಆ ಪುಟದ ವಿಳಾಸವನ್ನು ಕೊಟ್ಟು ನೋಡಿ. ಎಲ್ಲ ಪುಟಗಳೂ ಅಲ್ಲಿ ಇರುವುದಿಲ್ಲ, ಇದ್ದರೆ ಯಾವ ದಿನದ ಪ್ರತಿ ಎಂಬುದು ಸ್ಪಷ್ಟವಾಗಿ ನಮೂದಾಗಿರುತ್ತದೆ.

ಪ್ರಶ್ನೆ: ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿ, ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಏರಿಸಿದ ಮೇಲೂ, ಅದರ ಪ್ರತಿಯನ್ನು ಮುದ್ರಿಸಿಕೊಂಡು ಕಚೇರಿಗೆ ಬನ್ನಿ ಎಂದರು. ಹಾಗಿದ್ದರೆ ಜಾಲತಾಣದ ಪ್ರಯೋಜನವೇನು?

ಉತ್ತರ: ನಿಮ್ಮ ಬೇಸರ ಸಂಪೂರ್ಣವಾಗಿ ನ್ಯಾಯವಾದದ್ದು. ಈ ಸ್ಥಿತಿ ಏಕೆ ಬರುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾರಣ ತಿಳಿದರೆ ಎಲ್ಲಿ ಒತ್ತಾಯಿಸಬೇಕು ಎಂಬುದೂ ತಿಳಿಯುತ್ತದೆ.

ಸರ್ಕಾರಿ ಜಾಲತಾಣಗಳ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಕರೆನ್ ಲೇನ್ ಮತ್ತು ಜಂಗ್‌ವೂ ಲೀ ಎಂಬ ಸಂಶೋಧಕರು 2001ರಲ್ಲಿ ಅದನ್ನು ನಾಲ್ಕು ಹಂತಗಳಾಗಿ ವಿವರಿಸಿದರು. ಮೊದಲು ಮಾಹಿತಿ ಮತ್ತು ನಮೂನೆಗಳನ್ನು ಪ್ರಕಟಿಸುವುದು. ನಂತರ ಅರ್ಜಿ ಮತ್ತು ಪಾವತಿಗಳನ್ನು ಅಲ್ಲಿಯೇ ಸ್ವೀಕರಿಸುವುದು. ಆಮೇಲೆ ಒಂದೇ ಬಗೆಯ ಕೆಲಸ ಮಾಡುವ ಸ್ಥಳೀಯ ಮತ್ತು ಮೇಲಿನ ಹಂತದ ಕಚೇರಿಗಳ ವ್ಯವಸ್ಥೆಗಳನ್ನು ಜೋಡಿಸುವುದು. ಕೊನೆಗೆ ಬೇರೆ ಬೇರೆ ಕೆಲಸಗಳ ಇಲಾಖೆಗಳನ್ನೇ ಪರಸ್ಪರ ಜೋಡಿಸುವುದು. ನೀವು ಎದುರಿಸಿದ್ದು ಎರಡನೆಯ ಹಂತಕ್ಕೆ ಕಾಲಿಟ್ಟು ಅಲ್ಲಿಯೇ ನಿಂತ ಕಚೇರಿಯನ್ನು. ಮುಂಭಾಗದಲ್ಲಿ ನೀವು ತುಂಬಿದ ನಮೂನೆ ಕಂಪ್ಯೂಟರಿನದು. ಹಿಂಭಾಗದಲ್ಲಿ ಅದು ಮುದ್ರಣಗೊಂಡು ಟಪಾಲು ವಹಿಯಲ್ಲಿ ನಮೂದಾಗಿ, ಕಡತವಾಗಿ, ಒಂದು ಮೇಜಿನಿಂದ ಇನ್ನೊಂದಕ್ಕೆ ಮೊದಲಿನಂತೆಯೇ ಚಲಿಸುತ್ತದೆ. ಸಿಬ್ಬಂದಿಗೆ ಕಡತದಲ್ಲಿ ಇಡಲು ಕಾಗದ ಬೇಕು. ಆ ಕಾಗದವನ್ನು ನಿಮ್ಮಿಂದ ತರಿಸಿಕೊಳ್ಳುತ್ತಾರೆ. ಮೂಲ ದಾಖಲೆಯನ್ನು ಒಮ್ಮೆ ಕಣ್ಣಾರೆ ಪರಿಶೀಲಿಸಲೇಬೇಕಾದ ಸಂದರ್ಭಗಳು ಕೆಲವಿವೆ, ಆಗ ಕರೆಯುವುದು ಸರಿ. ನೀವೇ ಏರಿಸಿದ ಅದೇ ಪ್ರತಿಯನ್ನು ಮುದ್ರಿಸಿ ತರಲು ಹೇಳುವುದು ಸರಿಯಲ್ಲ.

ಇದು ಹೀಗೇ ಇರಬೇಕೆಂದೇನೂ ಇಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರಾಡಳಿತವು 1999ರಲ್ಲೇ ನಾಗರಿಕರ ಅರ್ಜಿಗಳು ಯಾವ ಹಂತದಲ್ಲಿವೆ, ಯಾರ ಬಳಿ ಇವೆ ಎಂಬುದನ್ನು ಅಂತರ್ಜಾಲದಲ್ಲಿ ನೋಡಬಹುದಾದ ವ್ಯವಸ್ಥೆಯನ್ನು ಆರಂಭಿಸಿತು. ಭ್ರಷ್ಟಾಚಾರವನ್ನು ತಡೆಯುವುದು ಅದರ ಮುಖ್ಯ ಉದ್ದೇಶವಾಗಿತ್ತು, ಏಕೆಂದರೆ ಕಡತ ಎಲ್ಲಿ ನಿಂತಿದೆಯೆಂದು ಎಲ್ಲರಿಗೂ ಕಂಡರೆ ಅದನ್ನು ಕಾರಣವಿಲ್ಲದೆ ನಿಲ್ಲಿಸಿಕೊಳ್ಳುವುದು ಕಷ್ಟ. ಎಸ್ಟೋನಿಯಾ 2001ರಲ್ಲಿ ‘ಎಕ್ಸ್-ರೋಡ್’ ಎಂಬ ವ್ಯವಸ್ಥೆಯ ಮೂಲಕ ಬೇರೆ ಬೇರೆ ಇಲಾಖೆಗಳ ದತ್ತಾಂಶಗಳ ನಡುವೆ ಸುರಕ್ಷಿತವಾದ ವಿನಿಮಯಕ್ಕೆ ದಾರಿ ಮಾಡಿತು. ನಾಗರಿಕನು ಒಮ್ಮೆ ಸರ್ಕಾರಕ್ಕೆ ಕೊಟ್ಟ ಮಾಹಿತಿಯನ್ನು ಇನ್ನೊಂದು ಕಚೇರಿ ಮತ್ತೆ ಕೇಳದೆ ಅಲ್ಲಿಂದಲೇ ಪಡೆಯಬೇಕೆಂಬುದು ಅದರ ಹಿಂದಿನ ತತ್ವ.

ನಿಮ್ಮ ಮಟ್ಟದಲ್ಲಿ ಮಾಡಬಹುದಾದದ್ದು ಇದು. ‘ಸಲ್ಲಿಸಿ’ ಎಂಬ ಗುಂಡಿಯನ್ನು ಒತ್ತಿದ ಮೇಲೆ ಬರುವ ಪುಟವನ್ನು ಮುಚ್ಚಲು ಆತುರಪಡಬೇಡಿ. ಅಲ್ಲಿ ಅರ್ಜಿ ಸಂಖ್ಯೆ, ಸಲ್ಲಿಸಿದ ದಿನಾಂಕ ಮತ್ತು ವೇಳೆ ಇರುವ ಸ್ವೀಕೃತಿ ಬಂದಿದೆಯೇ ನೋಡಿ. ಬಂದಿದ್ದರೆ ಇಳಿಸಿಕೊಂಡು ಇಟ್ಟುಕೊಳ್ಳಿ, ಬಾರದಿದ್ದರೆ ಪರದೆಯ ಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳಿ. ಪಾವತಿಯ ವ್ಯವಹಾರ ಸಂಖ್ಯೆ ಬೇರೆ, ಅರ್ಜಿ ಸಂಖ್ಯೆ ಬೇರೆ, ಎರಡೂ ಬೇಕು. ಬ್ಯಾಂಕಿನಿಂದ ಹಣ ಕಡಿತವಾಗಿ ಅರ್ಜಿ ಸಂಖ್ಯೆ ಬಾರದೇ ಹೋದರೆ ತಕ್ಷಣ ಇನ್ನೊಮ್ಮೆ ಪಾವತಿಸಬೇಡಿ. ‘ಪಾವತಿ ಸ್ಥಿತಿ’ ಎಂಬ ಕೊಂಡಿ ಇದ್ದರೆ ಅಲ್ಲಿ ಪರಿಶೀಲಿಸಿ, ಇಲ್ಲದಿದ್ದರೆ ವ್ಯವಹಾರ ಸಂಖ್ಯೆಯೊಂದಿಗೆ ಕಚೇರಿಗೆ ಬರೆಯಿರಿ. ಕಾಗದ ತನ್ನಿ ಎಂದವರಿಗೆ ಅರ್ಜಿ ಸಂಖ್ಯೆಯನ್ನು ತೋರಿಸಿ, ಯಾವ ದಾಖಲೆ ಏಕೆ ಬೇಕೆಂಬುದನ್ನು ಹಿಂಬರಹದ ಮೂಲಕ ತಿಳಿಸುವಂತೆ ವಿನಯದಿಂದ ಕೇಳಿ. ಲಿಖಿತವಾಗಿ ಹೇಳಬೇಕಾಗಿ ಬಂದಾಗ ಅನಗತ್ಯವಾದ ಬೇಡಿಕೆಗಳು ಎಷ್ಟೋ ಬಾರಿ ತಾವಾಗಿಯೇ ಕಡಿಮೆಯಾಗುತ್ತವೆ. ಕೌಂಟರಿನಲ್ಲಿ ಕುಳಿತಿರುವ ಸಿಬ್ಬಂದಿಯ ಮೇಲೆ ಮಾತ್ರ ಹರಿಹಾಯಬೇಡಿ. ಹಿಂಭಾಗದ ವ್ಯವಸ್ಥೆಯನ್ನು ಬದಲಿಸುವ ಅಧಿಕಾರ ಅವರಿಗಿಲ್ಲ, ಎರಡು ಬಗೆಯ ದಾಖಲೆಗಳನ್ನು ಏಕಕಾಲಕ್ಕೆ ನಿರ್ವಹಿಸುವ ಹೊರೆ ಮಾತ್ರ ಅವರ ಮೇಲಿದೆ.

ಪ್ರಶ್ನೆ: ನಾನು ದೃಷ್ಟಿಹೀನ. ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಬ್ಯಾಂಕಿನ ಕೆಲಸಗಳನ್ನೆಲ್ಲ ಸ್ವತಃ ಮಾಡಿಕೊಳ್ಳುತ್ತೇನೆ. ಸ್ಥಳೀಯ ಸಂಸ್ಥೆಯ ತಾಣದಲ್ಲಿ ಮಾತ್ರ ಪ್ರತಿ ಬಾರಿ ಇನ್ನೊಬ್ಬರ ಸಹಾಯ ಬೇಕಾಗುತ್ತದೆ. ಪ್ರಕಟಣೆಗಳನ್ನು ತೆರೆದರೆ ತಂತ್ರಾಂಶ ಮೌನವಾಗುತ್ತದೆ. ಏಕೆ?

ಉತ್ತರ: ಪ್ರಕಟಣೆಯ ಅಕ್ಷರಗಳು ನಿಮ್ಮ ತಂತ್ರಾಂಶದ ಪಾಲಿಗೆ ಅಕ್ಷರಗಳೇ ಅಲ್ಲದಿರುವುದರಿಂದ. ಕಚೇರಿಯಲ್ಲಿ ಪ್ರಕಟಣೆಯನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ, ಮುದ್ರಿಸಿ, ಸಹಿ ಮತ್ತು ಮೊಹರು ಹಾಕಿಸಿ, ಆ ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಮೊದಲಿಗೆ ಓದಬಹುದಾದ ಪಠ್ಯವಾಗಿದ್ದದ್ದು ಕೊನೆಯಲ್ಲಿ ಕಾಗದದ ಛಾಯಾಚಿತ್ರವಾಗಿ ನಿಮ್ಮನ್ನು ತಲುಪುತ್ತದೆ. ಕಣ್ಣಿರುವವರಿಗೂ ಇದರಿಂದ ನಷ್ಟವಿದೆ, ಏಕೆಂದರೆ ಅಂತಹ ಕಡತದೊಳಗೆ ಪದ ಹುಡುಕಲು ಆಗುವುದಿಲ್ಲ, ಶೋಧ ಯಂತ್ರಕ್ಕೂ ಅದು ಸರಿಯಾಗಿ ಸಿಗುವುದಿಲ್ಲ, ಚಿಕ್ಕ ಪರದೆಯ ಮೊಬೈಲಿನಲ್ಲಿ ಸಾಲುಗಳು ಹೊಂದಿಕೊಳ್ಳುವುದಿಲ್ಲ. ಸಹಿಯಿರುವ ಪ್ರತಿಯ ಜೊತೆಗೆ ಮೂಲ ಪಠ್ಯವನ್ನೂ ಅದೇ ಪುಟದಲ್ಲಿ ಹಾಕಲು ಯಾವ ಹೊಸ ಉಪಕರಣವೂ ಬೇಡ. ಆ ಪಠ್ಯ ಕಚೇರಿಯ ಕಂಪ್ಯೂಟರಿನಲ್ಲಿ ಆಗಲೇ ಇದೆ.

ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತೆ ಇರಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು 1999ರಿಂದ ಇವೆ. ವರ್ಲ್ಡ್ ವೈಡ್ ವೆಬ್ ಒಕ್ಕೂಟ ರೂಪಿಸಿರುವ ಅವುಗಳ ಎರಡನೆಯ ಆವೃತ್ತಿ 2008ರಲ್ಲಿ ಬಂತು, ಅದಕ್ಕೆ 2018ರಲ್ಲೂ 2023ರಲ್ಲೂ ಹೊಸ ಅಂಶಗಳು ಸೇರಿದವು. ಅಲ್ಲಿ ಹೇಳಿರುವುದು ಬಹಳ ಸ್ಪಷ್ಟ. ಚಿತ್ರಕ್ಕೆ ಪರ್ಯಾಯ ಪಠ್ಯ ಇರಬೇಕು. ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲ ಕೆಲಸ ಆಗಬೇಕು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿ ಬಣ್ಣದ ವ್ಯತ್ಯಾಸ ಇರಬೇಕು. ನಮೂನೆಗೆ ಸಮಯದ ಮಿತಿ ಇದ್ದರೆ ಸಾಮಾನ್ಯವಾಗಿ ಅದು ಮುಗಿಯುವ ಮುನ್ನ ಎಚ್ಚರಿಸಿ, ಸುಲಭವಾದ ಒಂದು ಕ್ರಿಯೆಯಿಂದ ಅದನ್ನು ವಿಸ್ತರಿಸಲು ಕನಿಷ್ಠ 20 ಸೆಕೆಂಡುಗಳ ಅವಕಾಶ ಕೊಡಬೇಕು. ಉದ್ದದ ಅರ್ಜಿಯನ್ನು ತುಂಬುತ್ತ ಕೊನೆಯ ಪುಟಕ್ಕೆ ಬಂದಾಗ ‘ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ’ ಎಂಬ ಸಾಲು ಕಂಡು, ಬರೆದದ್ದೆಲ್ಲ ಅಳಿಸಿಹೋಗಿರುವುದನ್ನು ನೋಡಿದ ಯಾರಿಗಾದರೂ ಈ ಕೊನೆಯ ನಿಯಮದ ಮಹತ್ವ ಅರ್ಥವಾಗುತ್ತದೆ. ಒಂದೇ ಅರ್ಜಿಯಲ್ಲಿ ಆಗಲೇ ಕೊಟ್ಟ ವಿವರವನ್ನು ಮತ್ತೆ ಬರೆಯಿಸಬಾರದು, ಒಳಪ್ರವೇಶಕ್ಕೆ ನೆನಪಿನ ಅಥವಾ ಒಗಟಿನ ಪರೀಕ್ಷೆಯೊಂದನ್ನೇ ದಾರಿಯಾಗಿಸಬಾರದು ಎಂಬ ಅಂಶಗಳು 2023ರ ಆವೃತ್ತಿಯಲ್ಲಿ ಬಂದವು.

ಹಲವು ಕಡೆ ಇದು ಕಾನೂನಿನ ಮಾತೂ ಆಗಿದೆ. ಐರೋಪ್ಯ ಒಕ್ಕೂಟವು 2016ರಲ್ಲಿ ಸಾರ್ವಜನಿಕ ಸಂಸ್ಥೆಗಳ ಜಾಲತಾಣ ಮತ್ತು ಮೊಬೈಲ್ ಆಪ್‌ಗಳಿಗೆ ಅನ್ವಯವಾಗುವ ನಿರ್ದೇಶನವನ್ನು ಹೊರಡಿಸಿತು. ಅಮೆರಿಕದ ನ್ಯಾಯ ಇಲಾಖೆ 2024ರಲ್ಲಿ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ ಈ ಮಾರ್ಗಸೂಚಿಗಳ 2018ರ ಆವೃತ್ತಿಯನ್ನೇ ಮಾನದಂಡವಾಗಿಸಿ ನಿಯಮ ಪ್ರಕಟಿಸಿತು. ನೀವು ದೂರು ಬರೆಯುವಾಗ ‘ತಾಣ ಬಳಸಲು ಆಗುತ್ತಿಲ್ಲ’ ಎಂದಷ್ಟೇ ಬರೆಯದೆ, ಯಾವ ಪುಟ, ಯಾವ ಗುಂಡಿ, ಯಾವ ಓದುವ ತಂತ್ರಾಂಶ, ಏನು ಕೇಳಿಸಿತು, ಏನು ಕೇಳಿಸಬೇಕಿತ್ತು ಎಂಬುದನ್ನು ಬರೆಯಿರಿ. ತಾಣವನ್ನು ನಿರ್ವಹಿಸುವವರಿಗೆ ಅದು ನೇರವಾಗಿ ತಿದ್ದಬಹುದಾದ ಕೆಲಸವಾಗಿ ಕಾಣುತ್ತದೆ. ಆ ತಿದ್ದುಪಡಿಯನ್ನು ಮಾಡುವುದು ಸಂಸ್ಥೆಯ ಕರ್ತವ್ಯ, ಅದಕ್ಕಾಗಿ ನೀವು ಯಾರ ಋಣದಲ್ಲೂ ಇರಬೇಕಾಗಿಲ್ಲ.

ಪ್ರಶ್ನೆ: ವಯಸ್ಸಾದ ತಾಯಿಯ ಪರವಾಗಿ ಎಲ್ಲ ಅರ್ಜಿಗಳನ್ನೂ ನಾನೇ ತುಂಬುತ್ತೇನೆ. ಅವರ ಖಾತೆಗೆ ನನ್ನ ಮೊಬೈಲ್ ಸಂಖ್ಯೆಯನ್ನೇ ಕೊಡಬಹುದೇ?

ಉತ್ತರ: ಅವರದೇ ಸಂಖ್ಯೆ ಇದ್ದರೆ ಅದನ್ನೇ ಕೊಡಿ. ನಿಮ್ಮ ಸಂಖ್ಯೆಗೆ ಒಮ್ಮೆ ಖಾತೆ ಜೋಡಣೆಯಾದರೆ ನಾಳೆ ಬೇರೊಬ್ಬರು ಅವರಿಗೆ ನೆರವಾಗಬೇಕಾದಾಗ ಒಟಿಪಿ ನಿಮಗೇ ಬರುತ್ತದೆ, ಮತ್ತು ಕೆಲವು ತಾಣಗಳು ಒಂದು ಸಂಖ್ಯೆಗೆ ಒಂದೇ ಖಾತೆಯನ್ನು ಒಪ್ಪುವುದರಿಂದ ನಿಮ್ಮ ಸ್ವಂತ ಅರ್ಜಿಗೂ ತೊಡಕಾಗಬಹುದು. ಪರವಾಗಿ ಕೆಲಸ ಮಾಡುವವರಿಗೆ ಪ್ರತ್ಯೇಕ ಅಧಿಕೃತ ಪ್ರವೇಶವನ್ನು ತಾಣ ಕೊಡುತ್ತಿದ್ದರೆ ಅದನ್ನು ಬಳಸಿ. ‘ಸಲ್ಲಿಸಿ’ ಒತ್ತುವ ಮೊದಲು ತುಂಬಿದ್ದನ್ನೆಲ್ಲ ತಾಯಿಗೆ ಓದಿ ಹೇಳಿ, ಏಕೆಂದರೆ ಅರ್ಜಿಯ ಕೊನೆಯಲ್ಲಿರುವ ಘೋಷಣೆ ಅವರ ಹೆಸರಿನಲ್ಲಿದೆ. ಸೈಬರ್ ಕೇಂದ್ರದಲ್ಲಿ ತುಂಬಿಸಿದ್ದರೆ ಹೊರಡುವ ಮುನ್ನ ಖಾತೆಯಿಂದ ಲಾಗ್‌ಔಟ್ ಆಗಿ, ಅಲ್ಲಿನ ಕಂಪ್ಯೂಟರಿಗೆ ಇಳಿಸಿದ ದಾಖಲೆಗಳನ್ನು ಅಳಿಸಿಹಾಕಿಸಿ.

ಪ್ರಶ್ನೆ: ಸೇವೆಗಳಿಗಲ್ಲದೆ ಬೇರೆ ಯಾವುದಕ್ಕೆ ಈ ತಾಣಗಳನ್ನು ಬಳಸಬಹುದು? ಬೀದಿದೀಪದ ಬಗ್ಗೆ ಅಲ್ಲಿ ನೀಡಿದ ದೂರು ಸರಿಪಡಿಸದೆಯೇ ‘ಮುಕ್ತಾಯ’ ಎಂದು ತೋರಿಸುತ್ತಿರುವುದನ್ನು ಕಂಡ ಮೇಲೆ ಆ ತಾಣದ ಮೇಲೆ ನಂಬಿಕೆಯೇ ಹೋಗಿದೆ.

ಉತ್ತರ: ಎರಡನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಕಚೇರಿಯ ಲೆಕ್ಕದಲ್ಲಿ ‘ಮುಕ್ತಾಯ’ ಎಂದರೆ ಅನೇಕ ವೇಳೆ ದೂರು ಸಂಬಂಧಪಟ್ಟ ಸಿಬ್ಬಂದಿಗೆ ರವಾನೆಯಾಗಿದೆ ಎಂದಷ್ಟೇ ಇರುತ್ತದೆ. ನಿಮ್ಮ ಲೆಕ್ಕದಲ್ಲಿ ದೀಪ ಉರಿದಾಗ ಅದು ಮುಕ್ತಾಯ. ದೂರನ್ನು ಮುಚ್ಚುವ ಅಧಿಕಾರ ಯಾರಿಗಿರಬೇಕು ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ಬ್ರಿಟನ್ನಿನಲ್ಲಿ ‘ಮೈಸೊಸೈಟಿ’ ಎಂಬ ಸಂಸ್ಥೆ 2007ರಲ್ಲಿ ಆರಂಭಿಸಿದ ‘ಫಿಕ್ಸ್‌ಮೈಸ್ಟ್ರೀಟ್’ ತಾಣದಲ್ಲಿ ನಾಗರಿಕರು ನಕ್ಷೆಯ ಮೇಲೆ ಗುಂಡಿ, ಕೆಟ್ಟ ದೀಪ, ಕಸದ ರಾಶಿಗಳನ್ನು ಗುರುತಿಸಿದರೆ ಅದು ಸಂಬಂಧಪಟ್ಟ ಸ್ಥಳೀಯ ಸಂಸ್ಥೆಗೆ ಹೋಗುತ್ತದೆ, ಜೊತೆಗೆ ಎಲ್ಲರಿಗೂ ಕಾಣುವಂತೆ ಅಲ್ಲಿಯೇ ಉಳಿಯುತ್ತದೆ. ನಾಲ್ಕು ವಾರಗಳ ನಂತರ, ಸಮಸ್ಯೆ ಬಗೆಹರಿಯಿತೇ ಎಂದು ದೂರು ಕೊಟ್ಟವರನ್ನೇ ಕೇಳಲಾಗುತ್ತದೆ. ಈ ಒಂದು ಪ್ರಶ್ನೆಯನ್ನು ಕೇಳುವ ವ್ಯವಸ್ಥೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯ ತಾಣದಲ್ಲೂ ಇರಬೇಕೆಂದು ನಾನು ಬಲವಾಗಿ ನಂಬುತ್ತೇನೆ. ನಿಮ್ಮ ತಾಣದಲ್ಲಿ ಅದಿಲ್ಲದಿದ್ದರೆ ಹೊಸ ದೂರನ್ನು ದಾಖಲಿಸುವಾಗ ಹಳೆಯ ದೂರಿನ ಸಂಖ್ಯೆ, ಅದನ್ನು ಮುಚ್ಚಿದ ದಿನ, ಕಂಬದ ಸಂಖ್ಯೆ ಮತ್ತು ಈಗಿನ ಚಿತ್ರವನ್ನು ಸೇರಿಸಿ. ಅದೇ ಬೀದಿಯ ಇನ್ನಿಬ್ಬರು ಪ್ರತ್ಯೇಕವಾಗಿ ದೂರು ದಾಖಲಿಸಿದರೆ ಇನ್ನೂ ಉತ್ತಮ.

ಇನ್ನು ಸೇವೆಗಳ ಹೊರತಾದ ಬಳಕೆ. ಇಲ್ಲಿಯೇ ಈ ತಾಣಗಳ ಬಹುದೊಡ್ಡ ಸಂಪತ್ತಿದೆ, ಮತ್ತು ಅತಿ ಕಡಿಮೆ ಜನ ಭೇಟಿ ಕೊಡುವುದೂ ಈ ಪುಟಗಳಿಗೇ. ಸಾಮಾನ್ಯ ಸಭೆಯ ಕಾರ್ಯಸೂಚಿ ಮತ್ತು ನಡಾವಳಿ, ಆಯವ್ಯಯ, ಟೆಂಡರ್ ಪ್ರಕಟಣೆ, ಕಾಮಗಾರಿಗಳ ಪಟ್ಟಿ, ಲೆಕ್ಕಪರಿಶೋಧನಾ ವರದಿಗಳು ಅಲ್ಲಿರುತ್ತವೆ, ಇಲ್ಲವೇ ಇರಬೇಕು. ವಿಶ್ವಸಂಸ್ಥೆಯು ದೇಶಗಳ ವಿದ್ಯುನ್ಮಾನ ಆಡಳಿತವನ್ನು ಸಮೀಕ್ಷಿಸುವ ತನ್ನ ವರದಿಯಲ್ಲಿ 2018ರಿಂದ ನಗರಗಳ ತಾಣಗಳನ್ನೂ ಅಳೆಯುತ್ತಿದೆ. ಮೊದಲ ವರ್ಷ 40 ನಗರಗಳನ್ನು ನೋಡಿತು, 2022ರ ಹೊತ್ತಿಗೆ ಆ ಸಂಖ್ಯೆ 193ಕ್ಕೆ ಏರಿತು. ಅದು ಅಳೆಯುವುದು ಸೇವೆಗಳನ್ನು ಮಾತ್ರವಲ್ಲ. ಮಾಹಿತಿ ಎಷ್ಟು ದೊರೆಯುತ್ತದೆ, ನಿರ್ಧಾರಗಳಲ್ಲಿ ಜನರು ಪಾಲ್ಗೊಳ್ಳಲು ದಾರಿ ಇದೆಯೇ ಎಂಬುದನ್ನೂ ಅದು ಪರಿಗಣಿಸುತ್ತದೆ.

ಬೀದಿದೀಪದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಆಯವ್ಯಯದಲ್ಲಿ ಬೀದಿದೀಪಗಳ ನಿರ್ವಹಣೆಗೆ ಎಷ್ಟು ಮೊತ್ತ ತೆಗೆದಿಟ್ಟಿದ್ದಾರೆ ನೋಡಿ. ಟೆಂಡರ್ ಪುಟದಲ್ಲಿ ಆ ಕೆಲಸದ ಷರತ್ತುಗಳನ್ನು ಓದಿ. ಕೆಟ್ಟ ದೀಪವನ್ನು ಎಷ್ಟು ಅವಧಿಯೊಳಗೆ ಬದಲಿಸಬೇಕು, ತಪ್ಪಿದರೆ ದಂಡವೇನು ಎಂಬುದು ಅನೇಕ ನಿರ್ವಹಣಾ ಗುತ್ತಿಗೆಗಳಲ್ಲಿ ಬರೆದಿರುತ್ತದೆ. ನಡಾವಳಿಯಲ್ಲಿ ಆ ಗುತ್ತಿಗೆಗೆ ಅನುಮೋದನೆ ಕೊಟ್ಟ ಸಭೆಯ ದಿನಾಂಕ, ಆಗ ಯಾವ ಸದಸ್ಯರು ಏನು ಮಾತನಾಡಿದರು ಎಂಬುದು ಸಿಗಬಹುದು. ಈ ಮೂರನ್ನು ಒಟ್ಟಿಗೆ ಇಟ್ಟುಕೊಂಡು ಬರೆದ ಪತ್ರಕ್ಕೂ ‘ದೀಪ ಉರಿಯುತ್ತಿಲ್ಲ’ ಎಂಬ ಒಂದು ಸಾಲಿನ ದೂರಿಗೂ ಕಚೇರಿಯಲ್ಲಿ ಸಿಗುವ ಗಮನ ಒಂದೇ ಆಗಿರುವುದಿಲ್ಲ. ಗುತ್ತಿಗೆಯ ಷರತ್ತಿನ ಕ್ರಮಸಂಖ್ಯೆಯನ್ನು ಉಲ್ಲೇಖಿಸಿ, ನಿಮ್ಮ ಮೊದಲ ದೂರಿನ ದಿನದಿಂದ ಎಷ್ಟು ದಿನ ಕಳೆದಿದೆಯೆಂದು ನಮೂದಿಸಿ, ಪತ್ರದ ಪ್ರತಿಯನ್ನು ನಿಮ್ಮ ವಾರ್ಡಿನ ಸದಸ್ಯರಿಗೂ ಕಳುಹಿಸಿ. ನಡಾವಳಿಯ ಪುಟ ಖಾಲಿ ಇದ್ದರೆ ಅಥವಾ ಹಳೆಯ ವರ್ಷಗಳದ್ದು ಮಾತ್ರ ಇದ್ದರೆ, ಯಾವ ಯಾವ ತಿಂಗಳ ಸಭೆಗಳ ನಡಾವಳಿ ಪ್ರಕಟವಾಗಿಲ್ಲವೆಂಬುದನ್ನು ಪಟ್ಟಿ ಮಾಡಿ, ಅವುಗಳನ್ನು ತಾಣಕ್ಕೆ ಏರಿಸುವಂತೆ ಸಂಸ್ಥೆಯ ಮುಖ್ಯಸ್ಥರಿಗೆ ಪ್ರತ್ಯೇಕ ಪತ್ರವನ್ನೇ ಬರೆಯಿರಿ.